ಹಳೆ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಯಾಕೆ ಸಿಗೋದಿಲ್ಲ? ಕೊಡಗಿನ ಕಾನ್ವೆಂಟ್, ಕಾಲೇಜುಗಳ ಕಥೆ

[ದೃಶ್ಯ: ಮಡಿಕೇರಿ. ಜುಲೈ ತಿಂಗಳ ಮಳೆ. ಛತ್ರಿ ಹಿಡಿದು ಏರು ರಸ್ತೆ ಹತ್ತುತ್ತಿರುವ ಶಾಲೆ ಮಕ್ಕಳು]

ನಮಸ್ಕಾರ. ಭಾರತೀಯ ವಿದೇಶಾಂಗ ಸೇವೆಗೆ, ಅಂದರೆ ಐಎಫ್‌ಎಸ್‌ಗೆ ಸೇರಿದ ಮೊದಲ ಮಹಿಳೆ ಯಾರು? ಕೊಡಗಿನ ಯಾವ ಕ್ವಿಜ್‌ಗೆ ಹೋದರೂ ಈ ಪ್ರಶ್ನೆ ಇರುತ್ತದೆ. ಉತ್ತರ ಸಿ.ಬಿ. ಮುತ್ತಮ್ಮ. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದವರು. ಮಡಿಕೇರಿಯ ಸಂತ ಜೋಸೆಫರ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವರು. ಆಮೇಲೆ ಮದ್ರಾಸು, ಆಮೇಲೆ ದೆಹಲಿ, ಪ್ಯಾರಿಸ್.

ಈಗ ಇನ್ನೊಂದು ಪ್ರಶ್ನೆ ಕೇಳ್ತೀನಿ. ಮುತ್ತಮ್ಮನವರ ಜೊತೆ ಅದೇ ಕ್ಲಾಸಿನಲ್ಲಿ ಕೂತಿದ್ದ ಹುಡುಗಿಯರು ಏನಾದರು?

ಇದಕ್ಕೆ ಉತ್ತರ ಕ್ವಿಜ್ ಪುಸ್ತಕದಲ್ಲಿ ಇಲ್ಲ. ಗೂಗಲ್‌ನಲ್ಲೂ ಇಲ್ಲ. ಅವರು ಏನೂ ಸಾಧಿಸಲಿಲ್ಲ ಅಂತಲಾ? ಹಾಗೆ ಹೇಳೋಕೆ ನಮ್ಮ ಹತ್ತಿರ ಯಾವ ಆಧಾರವೂ ಇಲ್ಲ. ಅವರನ್ನು ಹುಡುಕೋಕೆ ಬೇಕಾದ ಹೆಸರೇ ನಮ್ಮ ಹತ್ತಿರ ಇಲ್ಲ. ಇವತ್ತಿನ ವಿಡಿಯೋ ಇದರ ಬಗ್ಗೆ.

[ದೃಶ್ಯ: ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಗೋಪುರ]

ಮೊದಲು ಸ್ವಲ್ಪ ಹಿನ್ನೆಲೆ. ಕೊಡಗಿನಲ್ಲಿ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಇಲ್ಲ. ಇರೋದು ಚರ್ಚು, ಅದರ ಪಕ್ಕದಲ್ಲಿ ಶಾಲೆ, ಕೆಲವು ಕಡೆ ಕಾಲೇಜು. ಇದು ಶುರುವಾದದ್ದು ವಿರಾಜಪೇಟೆಯಿಂದ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬಗಳಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ. 1792ರಲ್ಲಿ ಸಂತ ಅನ್ನಮ್ಮನ ಚರ್ಚು ಬಂತು. ಊರಿನ ಹೆಸರಲ್ಲಿ ರಾಜ, ಚರ್ಚಿನ ಹೆಸರಲ್ಲಿ ಅನ್ನಮ್ಮ. ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇವತ್ತು ಅದೇ ಅನ್ನಮ್ಮನ ಹೆಸರಲ್ಲಿ ಪದವಿ ಕಾಲೇಜೂ ಇದೆ.

ಈ ಶಾಲೆ ಕಾಲೇಜುಗಳಲ್ಲಿ ಓದಿದ್ದು ಬರೀ ಕ್ರೈಸ್ತರ ಮಕ್ಕಳಲ್ಲ. ಕೊಡವರು, ಅರೆಭಾಷೆ ಗೌಡರು, ಬ್ಯಾರಿಗಳು, ಮಲಯಾಳಿಗಳು, ತೋಟದ ಲೈನ್‌ಮನೆಯ, ಅಂದರೆ ಕೆಲಸಗಾರರ ಸಾಲುಮನೆಯ ತಮಿಳು ಮಕ್ಕಳು, ಎಲ್ಲರೂ ಒಂದೇ ಬೆಂಚಿನಲ್ಲಿ. ಮುತ್ತಮ್ಮನವರೇ ಕೊಡವ ಮನೆತನದವರು.

ಹಳಬರನ್ನು ಕೂರಿಸಿ ಕೇಳಿ ನೋಡಿ. ನೆನಪುಗಳು ಮಾತ್ರ ಎಲ್ಲರದ್ದೂ ಒಂದೇ. ಮೊದಲು ಮಳೆ. ಒಣಗದ ಯೂನಿಫಾರಂ. ರಾತ್ರಿ ಒಲೆ ಮೇಲೆ ಕಟ್ಟಿದ ಹಗ್ಗದಲ್ಲಿ ನೇತುಹಾಕಿದ ಸ್ಕರ್ಟು, ಬೆಳಿಗ್ಗೆ ಹಾಕಿಕೊಂಡರೆ ಹೊಗೆ ವಾಸನೆ. ಸಾಕ್ಸ್ ಬಿಚ್ಚಿದರೆ ಜಿಗಣೆ. ಅಸೆಂಬ್ಲಿಯಲ್ಲಿ ಒಬ್ಬಳು ಕಿರುಚಿದರೆ ಇಡೀ ಸಾಲು ಕಾಲು ನೋಡಿಕೊಳ್ಳುತ್ತಿತ್ತು. ಕ್ರೈಸ್ತ ಮಕ್ಕಳು ಧರ್ಮೋಪದೇಶದ ಕ್ಲಾಸಿಗೆ ಹೋದಾಗ ಉಳಿದವರಿಗೆ ಮಾರಲ್ ಸೈನ್ಸ್. ಮಧ್ಯಾಹ್ನ 12ಕ್ಕೆ ಚರ್ಚಿನ ಗಂಟೆ ಹೊಡೆದರೆ ಹೊಟ್ಟೆಗೆ ಮೊದಲು ಗೊತ್ತಾಗುತ್ತಿತ್ತು.

ಹಬ್ಬಗಳ ಲೆಕ್ಕವಂತೂ ಬಹಳ ಚೆನ್ನಾಗಿದೆ. ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧಪೂಜೆ, ಕೈಲ್ ಪೊಳ್ದ್. ಸೆಪ್ಟೆಂಬರ್ 8ಕ್ಕೆ ಕೊಂಕಣಿ ಮಕ್ಕಳ ಮೊಂತಿ ಹಬ್ಬ. ಒಂದೇ ವಾರದಲ್ಲಿ ಎರಡು ಹಬ್ಬ, ಎರಡು ಮನೆಯ ಊಟ. ಅನ್ನಮ್ಮನ ಹಬ್ಬ ಜುಲೈ 26. ಕೊಡಗಿನಲ್ಲಿ ಜುಲೈ 26 ಅಂದರೆ ಏನು ಅಂತ ನಿಮಗೆ ಹೇಳಬೇಕಾ? ಹೊರಗೆ ಕಾಲಿಡೋಕೆ ಆಗದ ಮಳೆ. ಸಂತ ಜೋಸೆಫರ ಹಬ್ಬ ಮಾರ್ಚ್ 19, ಸರಿಯಾಗಿ ಪರೀಕ್ಷೆ ಸಮಯ. ಆ ದಿನ ಪ್ರಾರ್ಥನೆಗೆ ಎಲ್ಲ ಜಾತಿಯ ಮಕ್ಕಳಿಂದಲೂ ಭಕ್ತಿ ಸ್ವಲ್ಪ ಜಾಸ್ತಿ.

ಫೀಸು ಕಟ್ಟೋದಕ್ಕೂ ಒಂದು ಕಾಲ ಇತ್ತು. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ. ಕಾಫಿ ದುಡ್ಡು ಕೈಗೆ ಬರೋದು ಅದಾದ ಮೇಲೆ. ಜೂನ್‌ನಲ್ಲಿ ಪೂರ್ತಿ ಫೀಸು ಕೇಳಿದರೆ ಎಷ್ಟೋ ಮನೆಗಳಲ್ಲಿ ಕೊಡೋಕೆ ಇರುತ್ತಿರಲಿಲ್ಲ. "ಕೊಯ್ಲು ಮುಗೀಲಿ ಸಿಸ್ಟರ್, ಕಟ್ತೀವಿ" ಅನ್ನೋ ಮಾತು ಆಫೀಸಿನಲ್ಲಿ ಮಾಮೂಲಿ.

[ದೃಶ್ಯ: ಸಂಪಾಜೆ ಘಾಟಿಯ ತಿರುವು, ಕೆಂಪು ಬಸ್]

ಮುಂದಿನ ಓದಿಗೆ ಘಾಟಿ ಇಳಿಯಬೇಕು. ಒಂದು ದಾರಿ ಕುಶಾಲನಗರ ದಾಟಿ ಮೈಸೂರಿಗೆ, ಅಲ್ಲಿ 1946ರಲ್ಲಿ ಶುರುವಾದ ಸಂತ ಫಿಲೋಮಿನಾ ಕಾಲೇಜು. ಇನ್ನೊಂದು ದಾರಿ ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ, ಅಲ್ಲಿ 1880ರ ಸಂತ ಅಲೋಶಿಯಸ್. ಬೆಂಗಳೂರಿಗೆ ಹೋದವರಿಗೆ 1882ರಲ್ಲಿ ಶುರುವಾದ ಸಂತ ಜೋಸೆಫರ ಕಾಲೇಜು. ಮಡಿಕೇರಿ ಚಳಿಯಲ್ಲಿ ಬೆಳೆದ ಹುಡುಗರಿಗೆ ಮಂಗಳೂರಿನ ಸೆಕೆ ಮೊದಲ ವಾರವೇ ಸಾಕಾಗಿಬಿಡುತ್ತಿತ್ತು. ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳಿವೆ. ಗೋಡೆ, ಚಾವಣಿ, ಎಲ್ಲೆಲ್ಲೂ ಬಣ್ಣ. ದೇವರನ್ನು ನೋಡೋಕೆ ಹೋದವರಿಗಿಂತ ತಂಪಿಗೆ ಅಂತ ಒಳಗೆ ಹೋಗಿ ತಲೆಯೆತ್ತಿ ನಿಂತವರೇ ಜಾಸ್ತಿ ಇರಬೇಕು.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಈ ಸಂಪಾಜೆ ರಸ್ತೆಯೇ ಮುಚ್ಚಿಹೋಯಿತು. ಜೋಡುಪಾಲ, ಮದೆನಾಡು ಹೆಸರುಗಳನ್ನು ಟಿವಿಯಲ್ಲಿ ಕೇಳಿ ಹಾಸ್ಟೆಲ್‌ನಲ್ಲಿ ಅತ್ತ ಮಕ್ಕಳಿದ್ದಾರೆ. ಆ ವರ್ಷದ ಬ್ಯಾಚಿನವರ ಕಾಲೇಜು ನೆನಪಿನಲ್ಲಿ ಅದೇ ಮೊದಲು ಬರುತ್ತದೆ.

ಸರಿ, ಈಗ ವಿಷಯಕ್ಕೆ ಬರೋಣ. ಹಳೆ ವಿದ್ಯಾರ್ಥಿಗಳ ಪಟ್ಟಿ ಯಾಕೆ ಸೋರುತ್ತದೆ?

ಮೊದಲನೆಯ ಕಾರಣ ಸಣ್ಣದು, ಬೇಗ ಹೇಳಿಬಿಡ್ತೀನಿ. ಸಂಸ್ಥೆಯ ಹೆಸರೇ ಬದಲಾಗುತ್ತದೆ. ಅಲೋಶಿಯಸ್ ತಗೊಳ್ಳಿ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಅಲ್ಲಿ ಓದಿದವರ ಡಿಗ್ರಿ ಮದ್ರಾಸ್ ವಿಶ್ವವಿದ್ಯಾಲಯದ್ದು. ಆಮೇಲೆ ಮೈಸೂರು ವಿಶ್ವವಿದ್ಯಾಲಯ. 1980ರಿಂದ ಮಂಗಳೂರು ವಿಶ್ವವಿದ್ಯಾಲಯ. 2024ರಿಂದ ಕಾಲೇಜೇ ಡೀಮ್ಡ್ ವಿಶ್ವವಿದ್ಯಾಲಯ. ಬೆಂಗಳೂರಿನ ಸಂತ ಜೋಸೆಫರ ಕಾಲೇಜೂ 2022ರಲ್ಲಿ ವಿಶ್ವವಿದ್ಯಾಲಯ ಆಯಿತು. ಕೊಡಗಿನ ಕಾಲೇಜುಗಳದ್ದೂ ಇದೇ ಕಥೆ. ಮೊದಲು ಮೈಸೂರು, ಆಮೇಲೆ ಮಂಗಳೂರು, 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ. ಒಂದೇ ಮನೆಯಲ್ಲಿ ಅಜ್ಜಿ, ಅಮ್ಮ, ಮಗಳು ಒಂದೇ ಕಾಲೇಜಿನಲ್ಲಿ ಓದಿದ್ದರೂ ಮೂರು ಸರ್ಟಿಫಿಕೇಟಿನಲ್ಲಿ ಮೂರು ವಿಶ್ವವಿದ್ಯಾಲಯದ ಹೆಸರು ಇರಬಹುದು. ನೀವು ವಿಶ್ವವಿದ್ಯಾಲಯದ ಹೆಸರಿಟ್ಟುಕೊಂಡು ಹುಡುಕಿದರೆ ಅಜ್ಜಿ ಸಿಗೋದಿಲ್ಲ. ಪರವಾಗಿಲ್ಲ, ಇದಕ್ಕೆ ವರ್ಷ ನೋಡಿ ಲೆಕ್ಕ ಹಾಕಬಹುದು.

ಎರಡನೆಯ ಕಾರಣ ದೊಡ್ಡದು. ವಿದ್ಯಾರ್ಥಿನಿಯ ಹೆಸರೇ ಬದಲಾಗುತ್ತದೆ.

[ಗ್ರಾಫಿಕ್: ಬಿಳಿ ಕಾಗದದ ಮೇಲೆ "ಸಿ.ಬಿ. ಮುತ್ತಮ್ಮ" ಅಂತ ಬರೆದು, ಇನಿಷಿಯಲ್ ಒಂದೊಂದಾಗಿ ಬಿಡಿಸುವುದು]

ಕೊಡಗಿನಲ್ಲಿ ಇನಿಷಿಯಲ್ ಓದೋದು ಹೇಗೆ ಅಂತ ಹೊರಗಿನವರಿಗೆ ಒಮ್ಮೆ ಹೇಳ್ತೀನಿ. ಮೊದಲ ಅಕ್ಷರ ಒಕ್ಕದ ಹೆಸರು, ಅಂದರೆ ಮನೆತನ. ಎರಡನೆಯದು ಸಾಮಾನ್ಯವಾಗಿ ಅಪ್ಪನ ಹೆಸರು. ಸಿ.ಬಿ. ಅಂದರೆ ಚೋನಿರ ಬೆಳ್ಳಿಯಪ್ಪ. ಕೆ.ಎಸ್. ತಿಮ್ಮಯ್ಯ ಅಂದರೆ ಕೊಡಂದೆರ ಸುಬ್ಬಯ್ಯ ತಿಮ್ಮಯ್ಯ. ಕೆ.ಎಂ. ಕಾರ್ಯಪ್ಪ ಅಂದರೆ ಕೊಡಂದೆರ ಮಾದಪ್ಪ ಕಾರ್ಯಪ್ಪ.

ಗಂಡು ಮಗುವಿಗೆ ಈ ಎರಡು ಅಕ್ಷರ ಸಾಯುವವರೆಗೂ ಹಾಗೇ ಇರುತ್ತದೆ. ಜನರಲ್ ತಿಮ್ಮಯ್ಯನವರನ್ನೇ ನೋಡಿ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದರು. ಎಂಟು ವರ್ಷಕ್ಕೇ ಕೂನೂರಿನ ಸಂತ ಜೋಸೆಫರ ಶಾಲೆಗೆ ಕಳಿಸಿದರು. ಐರಿಶ್ ಬ್ರದರ್‌ಗಳು ನಡೆಸುತ್ತಿದ್ದ ಕ್ಯಾಥೊಲಿಕ್ ಬೋರ್ಡಿಂಗ್ ಶಾಲೆ ಅದು. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ. ಅವರು ಹುಟ್ಟಿದ ಸನ್ನಿಸೈಡ್ ಮನೆ ಈಗ ಮ್ಯೂಸಿಯಂ. ಎಂಟು ವರ್ಷದ ಹುಡುಗನ ಹೆಸರೂ ಮ್ಯೂಸಿಯಂ ಬೋರ್ಡಿನ ಹೆಸರೂ ಒಂದೇ. ಹುಡುಕೋಕೆ ಕಷ್ಟವೇ ಇಲ್ಲ.

ಈಗ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಸುಮ್ನೆ ಉದಾಹರಣೆಗೆ, ಕಾವೇರಮ್ಮ ಅನ್ನೋಣ. ಶಾಲೆಯ ರಿಜಿಸ್ಟರಿನಲ್ಲಿ ಎಂ.ಕೆ. ಕಾವೇರಮ್ಮ. ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದಳು. ಎರಡು ಅಕ್ಷರವೂ ಹೋಯಿತು. ಒಂದು ಗಂಡನ ಒಕ್ಕದ್ದು, ಇನ್ನೊಂದು ಗಂಡನದ್ದು. ಬ್ಯಾಂಕಿನಲ್ಲಿ ಬಿ.ಪಿ. ಕಾವೇರಮ್ಮ. ಬೆಂಗಳೂರಿಗೆ ಹೋಗಿ ಕೆಲಸಕ್ಕೆ ಸೇರಿದ ಮೇಲೆ ಆಫೀಸಿನಲ್ಲಿ ಕಾವೇರಿ ಪೂವಯ್ಯ. ಫೇಸ್‌ಬುಕ್‌ನಲ್ಲೂ ಅದೇ. ಇನ್ನು ಊರಿನಲ್ಲಿ ಎಲ್ಲರೂ ಕರೆಯೋದು ಯಾವುದೋ ಮುದ್ದಿನ ಹೆಸರಿನಿಂದ. ಕ್ಲಾಸ್‌ಮೇಟ್‌ಗಳಿಗೆ ನೆನಪಿರೋದು ಆ ಮುದ್ದಿನ ಹೆಸರೇ. ಈಗ ಹೇಳಿ, ಕಾಲೇಜಿನ ಆಫೀಸಿನವರು ಇವಳನ್ನು ಹುಡುಕೋದು ಹೇಗೆ?

ಇದು ಕೊಡವರಿಗೆ ಮಾತ್ರ ಇರೋ ಕಥೆ ಅಲ್ಲ. ಡಿಸೋಜ ಮನೆಯ ಹುಡುಗಿ ಪಿಂಟೊ ಆಗುತ್ತಾಳೆ. ತೋಟದ ಲೈನ್‌ಮನೆಯ ಹುಡುಗಿಗೆ ಅಪ್ಪನ ಒಂದು ಅಕ್ಷರ ಇರುತ್ತದೆ, ಮದುವೆಯಾದ ಮೇಲೆ ಗಂಡನ ಒಂದು ಅಕ್ಷರ. ಅವಳನ್ನು ಹುಡುಕೋದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಆ ಕುಟುಂಬ ಅದೇ ತೋಟದಲ್ಲಿ ಉಳಿದಿರುತ್ತದೆ ಅನ್ನೋ ಗ್ಯಾರಂಟಿ ಇಲ್ಲ.

ಮುತ್ತಮ್ಮನವರು ಮದುವೆಯಾಗಲಿಲ್ಲ. ಅವರ ಹೆಸರು ಶಾಲೆಯಲ್ಲಿ ಇದ್ದ ಹಾಗೇ ಕೊನೆಯವರೆಗೂ ಉಳಿಯಿತು. ಅವರ ಸಾಧನೆ ಅವರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರನ್ನು ನಾವು ಇಷ್ಟು ಸುಲಭವಾಗಿ "ನಮ್ಮ ಶಾಲೆಯವರು" ಅಂತ ಗುರುತಿಸೋದಕ್ಕೆ ಆ ಬದಲಾಗದ ಇನಿಷಿಯಲ್ ಕೂಡ ಸಹಾಯ ಮಾಡಿದೆ ಅನ್ನೋದು ನನ್ನ ಅಭಿಪ್ರಾಯ.

[ದೃಶ್ಯ: ಸುಪ್ರೀಂ ಕೋರ್ಟಿನ ಹೊರನೋಟ]

ಮದುವೆಯ ವಿಷಯ ಬಂತಲ್ಲ, ಅವರ ಕೇಸಿನ ಬಗ್ಗೆ ಹೇಳದೆ ಮುಂದೆ ಹೋಗೋಕೆ ಆಗಲ್ಲ. ಐಎಫ್‌ಎಸ್ ಸೇರುವಾಗಲೇ, ಮದುವೆಯಾದರೆ ರಾಜೀನಾಮೆ ಕೊಡ್ತೀನಿ ಅಂತ ಅವರಿಂದ ಬರೆಸಿಕೊಂಡಿದ್ದರು. 1961ರ ನಿಯಮಗಳು ಇನ್ನೂ ಸ್ಪಷ್ಟವಾಗಿದ್ದವು. ಸೇವೆಯಲ್ಲಿರುವ ಹೆಣ್ಣು ಮದುವೆಯಾಗಬೇಕಾದರೆ ಸರ್ಕಾರದಿಂದ ಲಿಖಿತ ಅನುಮತಿ ಬೇಕಿತ್ತು. ಮದುವೆಯಾದ ಮೇಲೆ ಮನೆ ಜವಾಬ್ದಾರಿ ಕೆಲಸಕ್ಕೆ ಅಡ್ಡ ಬರುತ್ತದೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಈ ನಿಯಮ ಇರಲಿಲ್ಲ.

ಅವರು 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಸೇವೆಯ ಒಳಗಿನಿಂದಲೇ ಮೇಲೆ ಬಂದು ರಾಯಭಾರಿಯಾದ ಮೊದಲ ಮಹಿಳೆ. ಆಮೇಲೆ ಘಾನಾ, ನೆದರ್‌ಲ್ಯಾಂಡ್ಸ್. ಇಷ್ಟಾದರೂ ಬಡ್ತಿಯಲ್ಲಿ ತನ್ನನ್ನು ಹಿಂದೆ ತಳ್ಳಿದರು ಅಂತ ಸುಪ್ರೀಂ ಕೋರ್ಟಿಗೆ ಹೋದರು. 1979ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಅಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಾಗಿತ್ತು. ಹಾಗಾಗಿ ಅರ್ಜಿ ವಜಾ ಆಯಿತು. ಆದರೆ ಮನೆ ಜವಾಬ್ದಾರಿ ಹೆಣ್ಣಿಗೆ ಅಡ್ಡ ಬರುತ್ತದೆ ಅನ್ನೋದಾದರೆ ಗಂಡಿಗೂ ಬರಬಹುದಲ್ಲ ಅಂತ ತೀರ್ಪಿನಲ್ಲಿ ಕೇಳಿದರು. ಇಂಥ ಭೇದ ಇರುವ ಸೇವಾ ನಿಯಮಗಳನ್ನೆಲ್ಲ ಸರಿಪಡಿಸಿ, ಒಬ್ಬೊಬ್ಬರೇ ಕೋರ್ಟಿಗೆ ಬರಲಿ ಅಂತ ಕಾಯಬೇಡಿ ಅಂತ ಸರ್ಕಾರಕ್ಕೆ ಹೇಳಿದರು. ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಈ ತೀರ್ಪನ್ನು ಪಾಠ ಮಾಡುತ್ತಾರೆ. ಮುತ್ತಮ್ಮನವರು 2009ರಲ್ಲಿ ತೀರಿಕೊಂಡರು.

[ದೃಶ್ಯ: ಮೇಜಿನ ಮೇಲೆ ಹಳೆಯ ಉದ್ದನೆಯ ರಿಜಿಸ್ಟರ್, ಹೆಸರುಗಳನ್ನು ಮಸುಕು ಮಾಡಿದೆ]

ಈಗ ರಿಜಿಸ್ಟರನ್ನೇ ಹತ್ತಿರದಿಂದ ನೋಡೋಣ. ಇದು ಅಡ್ಮಿಷನ್ ರಿಜಿಸ್ಟರ್, ಕನ್ನಡದಲ್ಲಿ ದಾಖಲಾತಿ ವಹಿ. ಎಡಗಡೆಯಿಂದ ಕ್ರಮಸಂಖ್ಯೆ, ಮಗುವಿನ ಹೆಸರು, ಅಪ್ಪ ಅಥವಾ ಪೋಷಕರ ಹೆಸರು, ಹುಟ್ಟಿದ ದಿನ, ಜಾತಿ, ಮಾತೃಭಾಷೆ, ಹಿಂದೆ ಓದಿದ ಶಾಲೆ. ಬಲಗಡೆಯ ಕೊನೆಯಲ್ಲಿ ಬಿಟ್ಟ ದಿನಾಂಕ, ಬಿಟ್ಟ ಕಾರಣ, ಟಿಸಿ ನಂಬರು. ಅಷ್ಟೇ. ಟಿಸಿ ಕೊಟ್ಟ ದಿನ ಆ ಸಾಲು ಮುಗಿಯಿತು. ಅದಾದ ಮೇಲೆ ಆ ಹುಡುಗಿಗೆ ಏನಾಯಿತು ಅಂತ ಬರೆಯೋಕೆ ಜಾಗವೇ ಇಲ್ಲ.

ಇನ್ನು ಪಕ್ಕದ ಚರ್ಚಿಗೆ ಬನ್ನಿ. ಅಲ್ಲೊಂದು ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಂ ರಿಜಿಸ್ಟರ್ ಇರುತ್ತದೆ. ಮಗುವಿನ ಹೆಸರು, ಅಪ್ಪ ಅಮ್ಮ, ದೇವಮಾತಾಪಿತರ (ಗಾಡ್‌ಪೇರೆಂಟ್ಸ್) ಹೆಸರು. ಇಲ್ಲಿ ಒಂದು ವಿಶೇಷ ಇದೆ. ಆ ಮಗು ದೊಡ್ಡವಳಾಗಿ ಮದುವೆಯಾದರೆ, ಎಲ್ಲೇ ಆಗಲಿ, ಆ ಚರ್ಚಿನವರು ಜ್ಞಾನಸ್ನಾನ ಆದ ಚರ್ಚಿಗೆ ತಿಳಿಸಬೇಕು. ಇವರು ಹಳೆ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ ಬರೆದುಕೊಳ್ಳಬೇಕು: ಯಾವ ದಿನ, ಯಾವ ಚರ್ಚಿನಲ್ಲಿ, ಯಾರ ಜೊತೆ ಮದುವೆ. ಇದು ಚರ್ಚಿನ ಕಾನೂನಿನಲ್ಲೇ ಇದೆ. ಅದರ ಉದ್ದೇಶ ಬೇರೆ, ಒಬ್ಬರಿಗೆ ಎರಡು ಮದುವೆ ಆಗಬಾರದು ಅನ್ನೋದು. ಆದರೆ ಇದರಿಂದ ಹುಟ್ಟಿದಾಗಿನ ಹೆಸರು ಮತ್ತು ಮದುವೆಯ ಸುದ್ದಿ ಒಂದೇ ಸಾಲಿನಲ್ಲಿ ಉಳಿಯುತ್ತದೆ.

ಒಂದೇ ಕಾಂಪೌಂಡು. ಒಂದು ಕಟ್ಟಡದ ಪುಸ್ತಕಕ್ಕೆ ಹುಡುಗಿ ಎಲ್ಲಿ ಹೋದಳು ಅಂತ ಗೊತ್ತು, ಇನ್ನೊಂದು ಕಟ್ಟಡದ ಪುಸ್ತಕಕ್ಕೆ ಗೊತ್ತಿಲ್ಲ. ನನಗೆ ಇದು ತಮಾಷೆ ಅನ್ನಿಸುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ.

ಆದರೆ ಚರ್ಚಿನ ಪುಸ್ತಕದಲ್ಲಿ ಇರೋದು ಕ್ಯಾಥೊಲಿಕ್ ಮಕ್ಕಳು ಮಾತ್ರ. ಉಳಿದವರಿಗೆ? ಕೊಡಗಿನಲ್ಲಿ ಅದಕ್ಕೂ ದಾರಿ ಇದೆ. ತಾಮನೆ. ಹೆಣ್ಣಿನ ತವರಿನ ಒಕ್ಕ. ಕೊಡವರ ಮದುವೆ ಕಾಗದ ತೆಗೆದು ನೋಡಿ, ಅಥವಾ ಲೋಕಲ್ ಪೇಪರಿನ ನಿಧನ ಸುದ್ದಿ ನೋಡಿ. ಹೆಂಗಸಿನ ಹೆಸರಿನ ಜೊತೆ "ತಾಮನೆ ಇಂಥದ್ದು" ಅಂತ ಬರೆಯುವ ರೂಢಿ ಇದೆ. ಗಂಡನ ಮನೆ ಹೆಸರೂ ಇದೆ, ಹುಟ್ಟಿದ ಮನೆ ಹೆಸರೂ ಇದೆ. ಇಬ್ಬರು ಕೊಡವ ಹೆಂಗಸರು ಮೊದಲ ಸಲ ಸಿಕ್ಕಿದರೆ ಮಾತು ಹೋಗೋದೇ ಅಲ್ಲಿಗೆ, "ನಿಮ್ಮ ತಾಮನೆ ಯಾವುದು?" ಎರಡು ನಿಮಿಷದಲ್ಲಿ ನೆಂಟಸ್ತಿಕೆ ಸಿಕ್ಕಿಬಿಡುತ್ತದೆ. ಇಷ್ಟು ವರ್ಷ ಬಾಯಿಮಾತಿನಲ್ಲಿ ನಡೆದು ಬಂದ ಈ ಕೆಲಸವನ್ನು ಹಳೆ ವಿದ್ಯಾರ್ಥಿಗಳ ಸಂಘದ ಫಾರ್ಮು ಮಾತ್ರ ಮಾಡುತ್ತಿಲ್ಲ.

ಆ ಫಾರ್ಮುಗಳು ಯಾಕೆ ಬರುತ್ತವೆ ಅಂತಲೂ ಹೇಳಬೇಕಲ್ಲ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಅನ್ನೋ ಸಂಸ್ಥೆ 1994ರಲ್ಲಿ ಶುರುವಾಯಿತು. ಅದರ ಐದನೇ ಮಾನದಂಡದಲ್ಲಿ ಹಳೆ ವಿದ್ಯಾರ್ಥಿಗಳ ಬಗ್ಗೆ ಪ್ರಶ್ನೆ ಇರುತ್ತದೆ. ಸಂಘ ಇದೆಯಾ, ಅವರು ಕಾಲೇಜಿಗೆ ಏನು ಕೊಟ್ಟಿದ್ದಾರೆ ಅಂತ. ಹಾಗಾಗಿ ನ್ಯಾಕ್ ತಂಡ ಬರೋ ವರ್ಷ ಎಲ್ಲ ಕಾಲೇಜುಗಳಿಗೂ ಹಳೆ ವಿದ್ಯಾರ್ಥಿಗಳ ಮೇಲೆ ಎಲ್ಲಿಲ್ಲದ ಪ್ರೀತಿ. ವಾಟ್ಸಾಪ್‌ನಲ್ಲಿ ಗೂಗಲ್ ಫಾರ್ಮ್ ಬರುತ್ತದೆ. ಹೆಸರು, ಬ್ಯಾಚು, ಕೆಲಸ, ಕಂಪನಿ, ಸಾಧನೆ.

"ಕಂಪನಿ" ಅನ್ನೋ ಕಾಲಂ ಬಂದ ಕೂಡಲೇ ಎಷ್ಟೋ ಹೆಂಗಸರು ಫಾರ್ಮು ಮುಚ್ಚಿಬಿಡುತ್ತಾರೆ. ಗಂಡ ಸೇನೆಯಲ್ಲಿ ಇರುವಾಗ ಇಪ್ಪತ್ತು ಎಕರೆ ತೋಟ ಒಬ್ಬಳೇ ನೋಡಿಕೊಂಡವಳು ಕಂಪನಿ ಅಂತ ಏನು ಬರೆಯಬೇಕು? ನೆರಳು ಕಡಿಸೋದು, ಕಪಾತು, ಕಾಫಿ ಹೂವಿನ ಸಮಯಕ್ಕೆ ಸ್ಪ್ರಿಂಕ್ಲರ್ ಹಾಕಿಸೋದು, ಆಳುಗಳ ಲೆಕ್ಕ, ಕ್ಯೂರಿಂಗ್‌ನವರ ಜೊತೆ ರೇಟಿನ ಜಗಳ. ಇಷ್ಟನ್ನೂ ಮಾಡಿ ಫಾರ್ಮಿನಲ್ಲಿ "ಗೃಹಿಣಿ" ಅಂತ ಟಿಕ್ ಹಾಕುತ್ತಾಳೆ. ನರ್ಸ್ ಆಗಿ ಹೊರದೇಶಕ್ಕೆ ಹೋದವರು, ಅದೇ ಶಾಲೆಗೆ ವಾಪಸ್ ಬಂದು ಮಿಸ್ ಆದವರು, ಕನ್ಯಾಸ್ತ್ರೀ ಆಗಿ ಹೆಸರನ್ನೇ ಬಿಟ್ಟವರು, ಇವರೆಲ್ಲ ಇದ್ದಾರೆ. ಕನ್ಯಾಸ್ತ್ರೀಯರದ್ದಂತೂ ಇನ್ನೂ ಕಷ್ಟ. ಕೆಲವರು ಮಠ ಸೇರಿದ ಮೇಲೆ ಹೊಸ ಹೆಸರು ತಗೊಳ್ಳುತ್ತಾರೆ, ಜೊತೆಗೆ ಆಗಾಗ ವರ್ಗಾವಣೆ.

ಗೋಡೆ ಮೇಲೆ ಸಾಧಕರ ಫೋಟೊ ಸಾಲು ಹಾಕೋದು ನನಗೆ ಅಷ್ಟೇನೂ ಇಷ್ಟ ಇಲ್ಲ, ನೇರವಾಗಿ ಹೇಳಿಬಿಡ್ತೀನಿ. ಹಾಕಲೇಬೇಕು ಅಂದರೆ ಹಾಕಿ. ಆದರೆ ಮೊದಲು ಪೂರ್ತಿ ಪಟ್ಟಿ ಮಾಡಿ, ಆಮೇಲೆ ಅದರಲ್ಲಿ ಆರಿಸಿ. ಈಗ ಆಗುತ್ತಿರೋದು ಉಲ್ಟಾ. ಸುಲಭವಾಗಿ ಸಿಕ್ಕಿದವರನ್ನೇ ಸಾಧಕರು ಅನ್ನುತ್ತಿದ್ದೇವೆ.

[ಗ್ರಾಫಿಕ್: ಖಾಲಿ ಫಾರ್ಮ್, ಕಾಲಂಗಳು ಒಂದೊಂದಾಗಿ ತುಂಬುತ್ತವೆ]

ಹಾಗಾದರೆ ಏನು ಮಾಡಬಹುದು? ಸಂಘದ ಕಾರ್ಯದರ್ಶಿಗಳು, ಗ್ರೂಪ್ ಅಡ್ಮಿನ್‌ಗಳು ಯಾರಾದರೂ ನೋಡುತ್ತಿದ್ದರೆ ಕೇಳಿ. ಫಾರ್ಮಿನ ಮೊದಲ ಕಾಲಂ "ನಿಮ್ಮ ಹೆಸರು" ಅಂತ ಇಡಬೇಡಿ. "ಶಾಲೆಗೆ ಸೇರಿದಾಗ ರಿಜಿಸ್ಟರಿನಲ್ಲಿ ಇದ್ದ ಹೆಸರು" ಅಂತ ಇಡಿ. ಎರಡನೆಯದು ಈಗಿನ ಹೆಸರು. ಮೂರನೆಯದು ಫ್ರೆಂಡ್ಸ್ ಕರೆಯುತ್ತಿದ್ದ ಹೆಸರು. ಇದನ್ನು ತಮಾಷೆ ಅಂದುಕೊಳ್ಳಬೇಡಿ, ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರೋದು ಇದೇ. ನಾಲ್ಕನೆಯದು ತಾಮನೆ ಅಥವಾ ತವರೂರು. "ಕಂಪನಿ" ಬದಲು "ಈಗ ಏನು ಮಾಡುತ್ತಿದ್ದೀರಿ, ನಿಮ್ಮ ಮಾತಿನಲ್ಲೇ ಬರೆಯಿರಿ" ಅಂತ ಖಾಲಿ ಜಾಗ ಕೊಡಿ.

ಫಾರ್ಮು ಕಳಿಸುವ ಮೊದಲು ರಿಜಿಸ್ಟರಿನಿಂದ ಬ್ಯಾಚಿನ ಹೆಸರುಗಳನ್ನು ಆಫೀಸಿನಲ್ಲೇ ಕೂತು ಬರೆದುಕೊಳ್ಳಿ. ರಿಜಿಸ್ಟರಿನ ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ, ಅದರಲ್ಲಿ ಜಾತಿ, ಹುಟ್ಟಿದ ದಿನ ಎಲ್ಲ ಇರುತ್ತದೆ. ಆಮೇಲೆ ಆ ಬ್ಯಾಚಿನ ಒಬ್ಬರನ್ನು ಹಿಡಿಯಿರಿ. ಒಬ್ಬರು ಸಿಕ್ಕಿದರೆ ನಾಲ್ಕು ಜನ ಸಿಗುತ್ತಾರೆ, ಯಾಕೆಂದರೆ ಯಾರ ಮಗಳನ್ನು ಯಾವ ಮನೆಗೆ ಕೊಟ್ಟರು ಅನ್ನೋದು ಕೊಡಗಿನಲ್ಲಿ ಯಾರಿಗಾದರೂ ನೆನಪಿದ್ದೇ ಇರುತ್ತದೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ಐನ್‌ಮನೆಯಲ್ಲಿ, ಅಂದರೆ ಒಕ್ಕದ ಮೂಲಮನೆಯಲ್ಲಿ ಎಲ್ಲರೂ ಸೇರುತ್ತಾರಲ್ಲ, ಕೇಳೋಕೆ ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಎಂಬತ್ತು ದಾಟಿದ ಅಜ್ಜಿಯರನ್ನು ಮೊದಲು ಕೇಳಿ. ಅವರು ಬಿಟ್ಟರೆ ಆ ಕಾಲದ ಬ್ಯಾಚಿನ ಬಗ್ಗೆ ಹೇಳೋರು ಸಿಗೋದಿಲ್ಲ.

ನೀವು ಕೊಡಗಿನ ಕಾನ್ವೆಂಟ್‌ಗಳಲ್ಲಿ ಓದಿದವರಾದರೆ, ಶಾಲೆ, ಬ್ಯಾಚು ಮತ್ತು ಆಗಿನ ಹೆಸರನ್ನು ಕೆಳಗೆ ಬರೆಯಿರಿ. ಯಾರಾದರೂ ಗುರುತು ಹಿಡಿಯುತ್ತಾರೆ ನೋಡೋಣ. ಫೋನ್ ನಂಬರು ಮಾತ್ರ ಹಾಕಬೇಡಿ. ಹಾಕಿದರೆ ನಾವೇ ಡಿಲೀಟ್ ಮಾಡ್ತೀವಿ, ಆಮೇಲೆ ಬೈಬೇಡಿ.